‘ಪಾಸ್ ಔಟ್’ ಆದವರ ಪರವಾಗಿ

ನಮ್ಮ ಕಾಲೇಜಿನಲ್ಲಿಯೇ ಓದಿ ಕಳೆದ ವರ್ಷ ಬಿ. ಎ. ತೇರ್ಗಡೆಯಾದ ನೆರೆಮನೆಯ ಅಕ್ಕ ಈಚೆಗೆ ಒಂದು ಕಛೇರಿಗೆ ಸಂದರ್ಶನಕ್ಕೆ ಹೋಗಿದ್ದಳು. ಇಂಗ್ಲಿಷಿನಲ್ಲಿ ಮಾತನಾಡುತ್ತ, ತಾನು ಕಳೆದ ವರ್ಷ ‘ಪಾಸ್ ಔಟ್’ ಆದೆನೆಂದು ಹೇಳಿದಳಂತೆ. ಎದುರಿಗಿದ್ದ ಮಹನೀಯರೊಬ್ಬರು, “ಅಯ್ಯೋ ಪಾಪ! ಮುಖಕ್ಕೆ ನೀರು ಚಿಮುಕಿಸಿದವರು ಯಾರಮ್ಮ?” ಎಂದರು. ಉಳಿದವರು ನಕ್ಕರು. ಆಮೇಲೆ ಕೇಳಿದ ಪ್ರಶ್ನೆಗಳಿಗೆ ಅವಳ ಬಾಯಿಂದ ಉತ್ತರವೇ ಹೊರಡಲಿಲ್ಲ. ಇತಿಹಾಸದಲ್ಲಿ ಪ್ರಥಮ ದರ್ಜೆ ಪಡೆದವಳು!

ಆ ಮಹನೀಯರ ನಗೆ ವಿದ್ವತ್ತಿನ ನಗೆಯಲ್ಲವೆಂಬುದೇ ನನ್ನ ವಾದ. ‘ಪಾಸ್ ಔಟ್’ ಎಂದರೆ ಎಚ್ಚರ ತಪ್ಪುವುದು ಎಂಬ ಅರ್ಥ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಅದೇನೂ ಆದಿಕಾಲದ ಅರ್ಥವಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಳಕೆಗೆ ಬಂದುದು. ‘ಪಾಸ್’ ಎಂಬ ಮಾತಿನ ಬೇರು ಲ್ಯಾಟಿನ್ ಭಾಷೆಯ ‘ಪಾಸುಸ್’, ಅಂದರೆ ಹೆಜ್ಜೆ. ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂದಿತು. ಹೆಜ್ಜೆಯಿಟ್ಟು ಹೊರಗೆ ನಡೆಯುವುದೇ ಈ ಜೋಡಿಯ ಸಹಜಾರ್ಥ. ಮೂರ್ಛೆಯ ಅರ್ಥದಲ್ಲಿರುವ ‘ಔಟ್’ ಬೇರೊಂದು ಬಗೆಯದು. ದೀಪ ಆರಿತು ಎನ್ನುವಾಗ ಇಂಗ್ಲಿಷರು ಬಳಸುವ ‘ಔಟ್’ ಅದರ ನೆಂಟ.

ಇನ್ನು ವಿದ್ಯಾರ್ಥಿಯ ಅರ್ಥ. ಬ್ರಿಟನ್ನಿನ ಸೈನಿಕ ಶಾಲೆಗಳಲ್ಲಿ ತರಬೇತಿ ಮುಗಿಸಿ ಹೊರಬರುವುದಕ್ಕೆ ಇದೇ ಮಾತು. ಅಲ್ಲಿಯ ನಿಘಂಟುಗಳೂ ಅದನ್ನು ಒಪ್ಪಿವೆ. 1932ರಲ್ಲಿ ಆರಂಭವಾದ ದೆಹರಾದೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಇಂದಿಗೂ ನಡೆಯುವುದು ‘ಪಾಸಿಂಗ್ ಔಟ್ ಪೆರೇಡ್’. ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಅವರು ಅಲ್ಲಿಯ ಮೊದಲ ತಂಡದವರು. ಅವರಿಗೆ ಯಾರಾದರೂ ನೀರು ಚಿಮುಕಿಸಿದರೆ? ಕವಾಯತಿನ ಬಯಲಿಗೆ ಒಪ್ಪುವ ಮಾತು ಕಾಲೇಜಿನ ಬಾಗಿಲಿಗೆ ಬಂದೊಡನೆ ಹಾಸ್ಯಾಸ್ಪದವಾಗುವುದು ಯಾವ ನ್ಯಾಯ?

ಕ್ರಿಯಾಪದಕ್ಕೆ ‘ಅಪ್’, ‘ಔಟ್’, ‘ಆಫ್’ಗಳೆಂಬ ಪುಟ್ಟ ಬಾಲಗಳು ಸೇರಿ ಅರ್ಥ ಹೊರಳುವುದು ಇಂಗ್ಲಿಷಿನ ಹಳೆಯ ಚಾಳಿ. ಇಂತಹ ಜೋಡಿಗಳು ಪರದೇಶೀಯರಿಗೆ ಬಹಳ ಕಷ್ಟವೆಂದು ಡಾಕ್ಟರ್ ಜಾನ್ಸನ್ ತಮ್ಮ 1755ರ ನಿಘಂಟಿನ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದಾರೆ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದುದು 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಅವರ ಗ್ರಂಥದಿಂದ. ಹೆಸರಿಡುವುದಕ್ಕೇ ಅಷ್ಟು ಕಾಲ ಹಿಡಿದ ವಸ್ತುವಿನಲ್ಲಿ ನಮ್ಮ ಹುಡುಗಿಯೊಬ್ಬಳು ಎಡವಿದಳೆಂದು ನಗಬೇಕೆ? ಅದೂ, ಎಡವದೆ ಇರುವಾಗ!

ಒಂದೇ ಮಾತು ಸಂದರ್ಭಕ್ಕೆ ತಕ್ಕಂತೆ ಬೇರೆ ಅರ್ಥ ಕೊಡುವುದು ನಮಗೇನು ಹೊಸತೆ? ಸಾಲ ತೀರಿದರೆ ಸಂತೋಷ, ತಾತ ತೀರಿಕೊಂಡರೆ ದುಃಖ. “ಸಾಲ ತೀರಿತು” ಎಂದವನನ್ನು “ತಿಥಿ ಯಾವತ್ತು?” ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಒಂದು ಮಾತನ್ನು ಮಾತ್ರ ಒಪ್ಪಬೇಕು. ಅಮೆರಿಕೆಯವರಿಗೆ ಅರ್ಜಿ ಬರೆಯುವಾಗ ‘ಗ್ರಾಜುಯೇಟ್’ ಆದೆನೆಂದು ಬರೆಯುವುದೇ ಲೇಸು. ಅವರಿಗೆ ಮೊದಲು ನೆನಪಾಗುವುದು ಮೂರ್ಛೆಯೇ. ಓದುವವನಿಗೆ ತಿಳಿಯಲೆಂದಲ್ಲವೆ ಬರೆಯುವುದು? ಆದರೆ ನಮ್ಮ ಊರಿನ ಕಛೇರಿಯಲ್ಲಿ, ನಮ್ಮವರೇ ಕುಳಿತು, ತಮಗೆ ಚೆನ್ನಾಗಿ ಅರ್ಥವಾದ ಮಾತನ್ನು ಅರ್ಥವಾಗದಂತೆ ನಟಿಸುವುದು ಬೇರೆ ಸಂಗತಿ. ಅದು ಭಾಷೆಯ ಪರೀಕ್ಷೆಯಲ್ಲ, ಅಭ್ಯರ್ಥಿಯ ಧೈರ್ಯ ಕೆಡಿಸುವ ಆಟ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. “ಆ ಹೊತ್ತಿಗೆ ನೀನು ಪಕ್ಕದಲ್ಲಿರಬೇಕಾಗಿತ್ತು ಕಣೋ” ಎಂದಳು. ಮುಂದಿನ ವಾರ ಅವಳಿಗೆ ಇನ್ನೊಂದು ಸಂದರ್ಶನವಿದೆ. ಅಲ್ಲಿ ಏನು ಹೇಳುತ್ತೀಯೆಂದು ಕೇಳಿದ್ದಕ್ಕೆ, “ಪಾಸ್ ಔಟ್ ಅಂತಲೇ. ನಕ್ಕರೆ ದೆಹರಾದೂನಿನ ಕಥೆ ಹೇಳುತ್ತೇನೆ” ಎಂದಳು.