ಟೈರಿಗೂ ವಯಸ್ಸಾಗುತ್ತದೆ

2013ರ ನವೆಂಬರ್ 30, ಶನಿವಾರ ಮಧ್ಯಾಹ್ನ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಿಟಾದಲ್ಲಿ ಕೆಂಪು ಬಣ್ಣದ ಪೋರ್ಷೆ ಕರೇರಾ ಜಿಟಿ ಕಾರೊಂದು ರಸ್ತೆ ಬಿಟ್ಟು ಕಂಬಕ್ಕೂ ಮರಗಳಿಗೂ ಬಡಿದು ಹೊತ್ತಿ ಉರಿಯಿತು. ಒಳಗಿದ್ದ ಇಬ್ಬರೂ ಸತ್ತರು. ಅವರಲ್ಲೊಬ್ಬ 'ಫಾಸ್ಟ್ ಆ್ಯಂಡ್ ಫ್ಯೂರಿಯಸ್' ಚಿತ್ರಗಳ ನಟ ಪಾಲ್ ವಾಕರ್. ಕಾರು ಓಡಿಸುತ್ತಿದ್ದದ್ದು ಅವನಲ್ಲ, ಅವನ ಗೆಳೆಯ. ವಾಕರ್ ಪಕ್ಕದ ಸೀಟಿನಲ್ಲಿದ್ದ.

ನಾಲ್ಕು ತಿಂಗಳ ತನಿಖೆಯ ನಂತರ ಅಲ್ಲಿನ ಪೊಲೀಸರು ಹೇಳಿದ್ದು ಸ್ಪಷ್ಟವಾಗಿತ್ತು. ಅಪಘಾತಕ್ಕೆ ಕಾರಣ ವೇಗ. ಗಂಟೆಗೆ ಸುಮಾರು 72 ಕಿಲೋಮೀಟರ್ ಮಿತಿಯಿದ್ದ ರಸ್ತೆಯಲ್ಲಿ ಕಾರು 130ರಿಂದ 150 ಕಿಲೋಮೀಟರ್ ವೇಗದಲ್ಲಿತ್ತು. ಇದರ ಜೊತೆಗೆ ವರದಿಯಲ್ಲಿ ಇನ್ನೊಂದು ಮಾತಿತ್ತು: ಕಾರಿನ ಟೈರುಗಳಿಗೆ ಒಂಬತ್ತು ವರ್ಷವಾಗಿತ್ತು, ಅದು ಕಾರಿನ ಹಿಡಿತದ ಮೇಲೆ ಪರಿಣಾಮ ಬೀರಿರಬಹುದು.

ತಪ್ಪು ವೇಗದ್ದೇ, ಅದನ್ನು ಟೈರಿನ ತಲೆಗೆ ಕಟ್ಟಬೇಕಾಗಿಲ್ಲ. ಆದರೆ ಸ್ಪೋರ್ಟ್ಸ್ ಕಾರಿಗೆ ಹೊಸ ಟೈರು ಹುಡುಕಲು ಹೊರಟವರು ಆ ಎರಡನೆಯ ಮಾತನ್ನು ನೆನಪಿಡಬೇಕು. ಕರೇರಾ ಜಿಟಿ ಸಾಮಾನ್ಯ ಕಾರಲ್ಲ. ಹತ್ತು ಸಿಲಿಂಡರ್, ಆರುನೂರಕ್ಕೂ ಹೆಚ್ಚು ಅಶ್ವಶಕ್ತಿ, ಜಾರುವ ಕಾರನ್ನು ಹತೋಟಿಗೆ ತರುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ವ್ಯವಸ್ಥೆ ಇಲ್ಲ. ಅಂಥ ಕಾರು ನೆಲ ಮುಟ್ಟುತ್ತಿದ್ದದ್ದು, ಹೆಚ್ಚುಕಡಿಮೆ ತನ್ನಷ್ಟೇ ವಯಸ್ಸಾದ ರಬ್ಬರಿನ ಮೇಲೆ.

ಭಾರತದಲ್ಲಿ ಸ್ಪೋರ್ಟ್ಸ್ ಕಾರುಗಳು ಬದುಕುವ ರೀತಿಯೂ ಇದೇ. ಪುಣೆಯಲ್ಲೋ ಹೈದರಾಬಾದಿನಲ್ಲೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ಮಲಗಿದ ಕಾರು ಹೊರಗೆ ಬರುವುದು ಭಾನುವಾರ ಬೆಳಗಿನ ಜಾವ, ತಿಂಡಿಗೆಂದು ಹೊರಟಾಗ. ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಹೀಗೆ ಓಡುವ ಕಾರಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಕಾರಿನ ಯಜಮಾನ ಬಗ್ಗಿ ನೋಡುತ್ತಾನೆ, ಟ್ರೆಡ್ಡಿನ ಗೆರೆ ಆಳವಾಗಿಯೇ ಕಾಣುತ್ತದೆ, "ಇನ್ನೂ ಬೇಕಾದಷ್ಟಿದೆ" ಎಂದು ಸಮಾಧಾನಪಡುತ್ತಾನೆ. ಸೆಕೆಂಡ್ ಹ್ಯಾಂಡ್ ಕಾರು ಮಾರುವವನೂ "ಟೈರು ಎಂಬತ್ತು ಪರ್ಸೆಂಟ್ ಇದೆ ಸಾರ್" ಎನ್ನುತ್ತಾನೆ. ಆ ಎಂಬತ್ತು ಗೆರೆಯ ಆಳದ್ದು. ರಬ್ಬರಿನ ಲೆಕ್ಕ ಬೇರೆ.

ರಬ್ಬರು ನೆಲ ಹಿಡಿಯುವುದು ಅದು ಮೆತ್ತಗಿರುವುದರಿಂದ. ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ತಕ್ಕಂತೆ ಬಾಗಿ, ಒತ್ತಿ, ಅಂಟಿಕೊಳ್ಳುವುದೇ ಅದರ ಕೆಲಸ. ಗಾಳಿಯಲ್ಲಿನ ಆಮ್ಲಜನಕ, ಬಿಸಿಲು, ಸೆಖೆ ಮೂರೂ ಸೇರಿ ವರ್ಷ ಕಳೆದಂತೆ ಅದನ್ನು ಗಟ್ಟಿ ಮಾಡುತ್ತವೆ. ಕಾರು ನಿಂತಲ್ಲೇ ನಿಂತಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ಸಾಧಾರಣ ಕಾರಿನಲ್ಲಿ ಗಟ್ಟಿಯಾದ ಟೈರು ಸದ್ದು ಮಾಡುತ್ತದೆ, ಬ್ರೇಕಿಗೆ ಸ್ವಲ್ಪ ದೂರ ಹೆಚ್ಚು ಬೇಡುತ್ತದೆ. ಹಿಂದಿನ ಚಕ್ರಗಳಿಗೆ ಮುನ್ನೂರು ಅಶ್ವಶಕ್ತಿ ಕಳಿಸುವ ಕಾರಿನಲ್ಲಿ ಅದೇ ಟೈರು ತಿರುವಿನ ನಡುವೆ ಸೂಚನೆಯಿಲ್ಲದೆ ಕೈಬಿಡುತ್ತದೆ.

ಆದ್ದರಿಂದ ಟೈರು ಕೊಳ್ಳುವಾಗ ಬ್ರಾಂಡಿಗಿಂತ ಮೊದಲು ನೋಡಬೇಕಾದದ್ದು ತಯಾರಿಯ ದಿನಾಂಕ. ಟೈರಿನ ಪಕ್ಕೆಯ ಮೇಲೆ 'ಡಿಒಟಿ' ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಅದನ್ನು ಹೇಳುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ. ಹಲವು ಕಾರು ತಯಾರಕರು ಆರು ವರ್ಷಕ್ಕೆ ಟೈರು ಬದಲಿಸಲು ಹೇಳುತ್ತಾರೆ. ಹಲವು ಟೈರು ತಯಾರಕರು ಹತ್ತು ವರ್ಷವನ್ನು ಕಟ್ಟಕಡೆಯ ಗಡುವು ಎನ್ನುತ್ತಾರೆ. ಸಾಂತಾ ಕ್ಲಾರಿಟಾದ ಟೈರುಗಳಿಗೆ ಆ ಹತ್ತರ ಲೆಕ್ಕದಲ್ಲಿ ಇನ್ನೂ ಒಂದು ವರ್ಷ ಬಾಕಿಯಿತ್ತು. ವರ್ಷದಲ್ಲಿ ಎಂಟು ತಿಂಗಳು ಸುಡುವ ನಮ್ಮ ಊರುಗಳಲ್ಲಿ, ಅದರಲ್ಲೂ ಶಕ್ತಿಶಾಲಿ ಕಾರಿಗೆ, ಆರನ್ನೇ ಕೊನೆ ಎಂದುಕೊಳ್ಳುವುದು ಸರಿ. ಐದು ದಾಟಿದ ಮೇಲೆ ವರ್ಷಕ್ಕೊಮ್ಮೆ ಗಾಲಿ ಬಿಚ್ಚಿಸಿ, ಒಳಪಕ್ಕೆಯಲ್ಲಿ ಬಿರುಕು ಬಿಟ್ಟಿದೆಯೇ ಎಂದು ನೋಡಿಸಬೇಕು.

ಅಂಗಡಿಯಲ್ಲಿ 'ಹೊಸದು' ಎಂದು ಸಿಗುವ ಟೈರೂ ಹಳೆಯದಿರಬಹುದು. ಸಣ್ಣ ಕಾರಿನ ಅಳತೆಗಳು ವಾರವಾರ ಖರ್ಚಾಗುತ್ತವೆ. 19, 20 ಇಂಚಿನ ಅಗಲ ಟೈರುಗಳು ಗೋದಾಮಿನಲ್ಲಿ ಗಿರಾಕಿಗಾಗಿ ಕಾಯುತ್ತವೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ತರಿಸಲು ಪರವಾನಗಿ ಬೇಕಾಯಿತು. ಬಿಐಎಸ್ ಪ್ರಮಾಣಪತ್ರವಂತೂ ಮೊದಲಿನಿಂದಲೂ ಕಡ್ಡಾಯ. ಅಪರೂಪದ ಅಳತೆ ಬೇಕಾದವರು ಸಿಕ್ಕಿದ್ದನ್ನು ತೆಗೆದುಕೊಳ್ಳುವ ಪರಿಸ್ಥಿತಿ ಇರುವುದು ನಿಜ. ಹಾಗೆಂದೇ ಹಣ ಕೊಡುವ ಮೊದಲು ನಾಲ್ಕೂ ಟೈರುಗಳ ದಿನಾಂಕದ ಫೋಟೊ ತರಿಸಿಕೊಳ್ಳಬೇಕು. ಎರಡು ವರ್ಷ ಗೋದಾಮಿನಲ್ಲಿ ಕಳೆದ ಟೈರಿಗೆ ಪೂರ್ತಿ ಬೆಲೆ ಕೊಡುವವನು, ಮುಗಿದುಹೋದ ಎರಡು ವರ್ಷಕ್ಕೂ ದುಡ್ಡು ಕೊಟ್ಟಂತೆ.

ದಿನಾಂಕದ ನಂತರ ಬರುವ ಪ್ರಶ್ನೆ ಮಳೆಯದು. ಈ ಕಾರುಗಳಿಗೆ ಸಿಗುವ ಟೈರುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ರೇಸ್ ಟ್ರ್ಯಾಕಿಗೆಂದೇ ಮಾಡಿ ರಸ್ತೆಗೂ ಅನುಮತಿ ಪಡೆದದ್ದು: ಗೆರೆ ಕಡಿಮೆ, ರಬ್ಬರು ಬಹಳ ಮೆತ್ತಗೆ. ಎರಡನೆಯದು ಬೇಸಿಗೆ ಟೈರು ಎಂದು ಕರೆಯುವ ಹೈ ಪರ್ಫಾರ್ಮೆನ್ಸ್ ರಸ್ತೆ ಟೈರು. ಮೂರನೆಯದು ಆರಾಮಕ್ಕೂ ಬಾಳಿಕೆಗೂ ಒತ್ತು ಕೊಡುವ ಟೂರಿಂಗ್ ಟೈರು. ಪಕ್ಕೆಯ ಮೇಲಿನ 'ಟ್ರೆಡ್‌ವೇರ್' ಸಂಖ್ಯೆ ಈ ವ್ಯತ್ಯಾಸವನ್ನು ಸೂಚಿಸುತ್ತದೆ. ಮಿಶಲಿನ್‌ನ ಪೈಲಟ್ ಸ್ಪೋರ್ಟ್ ಕಪ್ 2ಕ್ಕೆ ಅದು 180, ಪೈಲಟ್ ಸ್ಪೋರ್ಟ್ 4ಎಸ್‌ಗೆ 300. ಟೂರಿಂಗ್ ಟೈರುಗಳಲ್ಲಿ 500 ದಾಟುವುದುಂಟು. ಸಂಖ್ಯೆ ಹೆಚ್ಚಿದ್ದಷ್ಟೂ ನಿಧಾನ ಸವೆತ. ಇದನ್ನು ಕಂಪನಿಗಳು ತಾವೇ ಕೊಟ್ಟುಕೊಳ್ಳುವುದರಿಂದ ಒಂದೇ ಕಂಪನಿಯ ಎರಡು ಟೈರನ್ನು ಹೋಲಿಸಲು ಇದು ಚೆನ್ನ. ಎರಡು ಕಂಪನಿಗಳ ನಡುವೆ ತೂಗಲು ಅಷ್ಟು ನಂಬುವಂತಿಲ್ಲ.

ಟ್ರ್ಯಾಕ್ ಟೈರಿನ ಮೋಹ ದೊಡ್ಡದು. ಹೆಸರಲ್ಲೇ ರೇಸಿದೆ, ನೋಟದಲ್ಲೇ ಬಿಗಿಯಿದೆ. ಚೆನ್ನೈನ ಹೊರಗೆ ಇರುಂಗಾಟ್ಟುಕೊಟ್ಟೈ ಟ್ರ್ಯಾಕಿಗೆ ತಿಂಗಳಿಗೊಮ್ಮೆ ಹೋಗುವವರಿಗೆ ಅದು ಬೇಕು ಕೂಡ. ಆದರೆ ಅದು ಬಿಸಿಯೇರಿದ ಮೇಲೆ ಮಾತ್ರ ಪೂರ್ತಿ ಹಿಡಿಯುತ್ತದೆ. ಮನೆಯಿಂದ ಹೊರಟ ಮೊದಲ ಹತ್ತು ನಿಮಿಷ ಅದು ತನ್ನ ಖ್ಯಾತಿಗೆ ತಕ್ಕ ಟೈರೇ ಅಲ್ಲ. ರಸ್ತೆಯಲ್ಲಿ ನೀರು ನಿಂತಿದ್ದರಂತೂ ಕಷ್ಟ. ಗೆರೆಗಳಿರುವುದೇ ನೀರನ್ನು ಆಚೆ ತಳ್ಳುವುದಕ್ಕೆ. ಅವು ಕಡಿಮೆಯಾದಾಗ, ಟೈರು ಅಗಲವಾದಾಗ, ವೇಗ ಹೆಚ್ಚಿದಾಗ ಟೈರು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೀರಿಂಗೂ ಬ್ರೇಕೂ ಹೆಸರಿಗಷ್ಟೇ. ಜುಲೈನಲ್ಲಿ ಖಂಡಾಲ ಘಾಟಿಯಲ್ಲಿ, ಊರಿಗೆ ಹೊರಟು ಸಾತಾರಾ ದಾಟಿ ಬೆಳಗಾವಿಯತ್ತ ಬರುವ ಹೆದ್ದಾರಿಯಲ್ಲಿ ಸುರಿಯುವ ಮಳೆ ಕಾರಿನ ಬೆಲೆ ಕೇಳುವುದಿಲ್ಲ.

ಹಾಗಾಗಿ ಒಂದೇ ಸೆಟ್ ಟೈರಿನಲ್ಲಿ ವರ್ಷವಿಡೀ ಓಡಿಸುವವರಿಗೆ ಎರಡನೆಯ ಬಗೆಯೇ ಸರಿ, ಅದರಲ್ಲೂ ಒದ್ದೆ ರಸ್ತೆಯಲ್ಲಿ ಒಳ್ಳೆಯ ಅಂಕ ಪಡೆದದ್ದು. 'ಬೇಸಿಗೆ' ಎಂಬ ಹೆಸರು ಹಿಮದ ದೇಶಗಳಿಂದ ಬಂದದ್ದು. ಸುಮಾರು 7 ಡಿಗ್ರಿಗಿಂತ ಕೆಳಗೆ ಆ ರಬ್ಬರು ಬಿರುಸಾಗುತ್ತದೆ ಎಂಬುದಷ್ಟೇ ಅದರ ಅರ್ಥ, ಮಳೆಗೆ ಆಗದು ಎಂದಲ್ಲ. ದೆಹಲಿಯವರು ಮಾತ್ರ ಜನವರಿಯ ಬೆಳಗಿನಲ್ಲಿ ಇದನ್ನು ನೆನಪಿಟ್ಟುಕೊಂಡರೆ ಸಾಕು. ಐರೋಪ್ಯ ಒಕ್ಕೂಟದಲ್ಲಿ ಮಾರುವ ಪ್ರತಿ ಟೈರಿಗೂ ಒದ್ದೆ ಹಿಡಿತದ ದರ್ಜೆ ಹಾಕಿದ ಲೇಬಲ್ ಇರಬೇಕು, ಅಳತೆ ಹಾಕಿ ಹುಡುಕಿದರೆ ಅದು ಅಂತರ್ಜಾಲದಲ್ಲೂ ಸಿಗುತ್ತದೆ. ಇಂಧನ ಉಳಿತಾಯದ ದರ್ಜೆಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಸುಲಭವಾಗಿ ಉರುಳುವುದು ಒಂದು ಗುಣ, ಬೇಕೆಂದಾಗ ನಿಲ್ಲುವುದು ಇನ್ನೊಂದು.

ಮೂರನೆಯದು ಅಳತೆ. ಜನ ಹೆಚ್ಚಾಗಿ ಎಡವುವುದು ಇಲ್ಲಿಯೇ. ಪೋರ್ಷೆ 718 ಕೇಮನ್‌ಗೆ 18 ಇಂಚಿನ ಗಾಲಿಯಲ್ಲಿ ಮುಂದೆ 235/45, ಹಿಂದೆ 265/45. ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲಕ್ಕೆ ಪಕ್ಕೆಯ ಎತ್ತರ ಶೇಕಡ ಎಷ್ಟು ಎಂಬುದು. ಮುಂದಿನ ಟೈರಿನ ಪಕ್ಕೆ ಸುಮಾರು 106 ಮಿಲಿಮೀಟರ್ ಆಯಿತು. ನೋಟಕ್ಕೆಂದು 20 ಇಂಚಿನ ಗಾಲಿ ಹಾಕಿ, ಒಟ್ಟು ಎತ್ತರ ಹೊಂದಲು 235/35 ತೊಡಿಸಿದರೆ ಪಕ್ಕೆ 82ಕ್ಕೆ ಇಳಿಯುತ್ತದೆ. ನಮ್ಮ ರಸ್ತೆಯ ಗುಂಡಿಗಳಿಗೂ ಗಾಲಿಯ ಲೋಹಕ್ಕೂ ನಡುವೆ ಇದ್ದ ಮೆತ್ತೆಯಲ್ಲಿ ಎರಡೂವರೆ ಸೆಂಟಿಮೀಟರಿನಷ್ಟು ಹೋಯಿತು. ಹೊಳೆಯುವ ಅಲಾಯ್‌ಗೆ ಲಕ್ಷಗಟ್ಟಲೆ ಸುರಿದು ಟೈರಿನಲ್ಲಿ ಅಗ್ಗದ್ದು ಹುಡುಕುವುದೆಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಅಳತೆಯ ನಂತರ ಬರುವ ಸಂಖ್ಯೆಯನ್ನೂ ಅಕ್ಷರವನ್ನೂ ಬಿಡುವಂತಿಲ್ಲ. 94 ವೈ ಎಂದರೆ ಆ ಒಂದು ಟೈರು 670 ಕಿಲೋ ಹೊರಬಲ್ಲದು, 300 ಕಿಲೋಮೀಟರ್ ವೇಗ ತಾಳಬಲ್ಲದು. "ಸಮೃದ್ಧಿ ಹೆದ್ದಾರಿಯಲ್ಲೇ ಮಿತಿ 120, ನಮಗೆ 300 ಏಕೆ? ಕಡಿಮೆ ಅಕ್ಷರದ್ದು ಸಾಲದೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಅಕ್ಷರ ಅಳೆಯುವುದು ಟೈರು ಎಷ್ಟು ಬಿಸಿ ತಡೆಯುತ್ತದೆ ಎಂಬುದನ್ನು. ಅದರ ಹಿಂದಿರುವ ಗಟ್ಟಿ ಕಟ್ಟುವಿಕೆ 80ರ ವೇಗದಲ್ಲಿ ತಿರುವು ತೆಗೆಯುವಾಗಲೂ, ನಾಯಿ ಅಡ್ಡ ಬಂದು ಬ್ರೇಕ್ ಒತ್ತಿದಾಗಲೂ ಕೆಲಸ ಮಾಡುತ್ತಿರುತ್ತದೆ. ಕಾರು ತಯಾರಕ ಹೇಳಿದ್ದಕ್ಕಿಂತ ಕೆಳಗಿಳಿಯುವುದರಲ್ಲಿ ಉಳಿಯುವುದು ಸ್ವಲ್ಪ ದುಡ್ಡು ಮಾತ್ರ.

ಕಾರು ಕಂಪನಿಗಳು ತಮ್ಮ ಕಾರಿಗೆಂದೇ ಹೊಂದಿಸಿದ ಟೈರುಗಳಿಗೆ ಗುರುತು ಹಾಕಿಸುತ್ತವೆ. ಪೋರ್ಷೆಯದು 'ಎನ್' ಮತ್ತು ಒಂದು ಅಂಕಿ, ಬಿಎಂಡಬ್ಲ್ಯುದು ನಕ್ಷತ್ರ, ಮರ್ಸಿಡಿಸ್‌ನದು 'ಎಂಒ'. ಸಿಕ್ಕರೆ ಅದನ್ನೇ ಕೊಳ್ಳುವುದು ಒಳ್ಳೆಯದು. ಸಿಗದಿದ್ದರೆ? ಗುರುತಿದ್ದು ನಾಲ್ಕು ವರ್ಷ ಹಳೆಯದಾದ ಟೈರಿಗಿಂತ, ಗುರುತಿಲ್ಲದೆ ಅದೇ ಅಳತೆ, ಅದೇ ಭಾರ, ಅದೇ ವೇಗದ ಹೊಚ್ಚಹೊಸ ಟೈರು ಮೇಲು. ಒಂದೇ ಷರತ್ತು: ನಾಲ್ಕೂ ಒಂದೇ ಕಂಪನಿಯ ಒಂದೇ ಮಾದರಿಯವಾಗಿರಬೇಕು. ಮುಂದೊಂದು ಬಗೆ, ಹಿಂದೊಂದು ಬಗೆ ಹಾಕಿದ ಕಾರು ಒಣ ರಸ್ತೆಯಲ್ಲಿ ಸುಮ್ಮನಿದ್ದು ಮಳೆಯಲ್ಲಿ ಬಣ್ಣ ತೋರಿಸುತ್ತದೆ. ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ಹಳೆಯ ಎರಡರ ಜೊತೆ ಹೊಸ ಎರಡು ಸೇರಿಸಿದರೆ ಸುತ್ತಳತೆಯ ವ್ಯತ್ಯಾಸ ಗೇರಿನ ಭಾಗಗಳನ್ನೂ ತಿನ್ನಬಹುದು. ಎಲ್ಲ ಗಾಲಿಯೂ ಒಂದೇ ಅಳತೆಯಿರುವ ಕಾರಿಗೆ ಎರಡೇ ಕೊಳ್ಳುವುದು ಅನಿವಾರ್ಯವಾದರೆ ಹೊಸವು ಹಿಂದಕ್ಕೆ ಹೋಗಬೇಕು. ಮುಂದೆ ಜಾರಿದರೆ ಕಾರು ನೇರ ಹೋಗುತ್ತದೆ, ಹಿಂದೆ ಜಾರಿದರೆ ಗಿರಕಿ ಹೊಡೆಯುತ್ತದೆ.

ಖರ್ಚಿನ ಮಾತು ಹಗುರವಲ್ಲ. ಇಂಥ ನಾಲ್ಕು ಟೈರಿನ ಬೆಲೆ ಲಕ್ಷ ದಾಟುವುದು ಸಾಮಾನ್ಯ. ಹತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರನ್ನು ಕನಸು ಕಟ್ಟಿ, ಸಾಲ ಮಾಡಿ ಕೊಂಡ ಸಂಬಳದಾರನಿಗೆ ಅದು ಪೆಟ್ಟೇ. ಸವೆಯದ ಟೈರನ್ನು ಎಸೆಯುವುದು ದುಂದು ಎಂದು ಅವನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಮುಗಿಯುವ ತನಕ ಬಳಸು ಎಂದು ಕಲಿಸಿದ ಮನೆಗಳಿಂದ ಬಂದವರೇ ಹೆಚ್ಚು. ಆದರೆ ಈ ಖರ್ಚು ಕಾರು ಕೊಂಡ ದಿನವೇ ಬರೆದಿಟ್ಟದ್ದು. ಆರು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಎರಡು ಸಾವಿರದ ಆಸುಪಾಸು. ಅದನ್ನು ಎತ್ತಿಡಲಾಗದವನಿಗೆ ಕಾರಿನ ಬೆಲೆ ಕೈಗೆಟುಕಿದೆ, ಕಾರು ಎಟುಕಿಲ್ಲ.

ಸಮೃದ್ಧಿ ಹೆದ್ದಾರಿ ತೆರೆದ ಮೊದಲ ವರ್ಷದಲ್ಲಿ, ಅಪಘಾತಗಳು ಹೆಚ್ಚಿದಾಗ, ಮಹಾರಾಷ್ಟ್ರದ ಸಾರಿಗೆ ಅಧಿಕಾರಿಗಳು ಟೈರು ನೋಡಿ, ಸವೆದಿದ್ದರೆ ಗಾಡಿಯನ್ನು ಹಿಂದೆ ಕಳಿಸಲು ಶುರುಮಾಡಿದರು. ಒಳ್ಳೆಯ ಕೆಲಸ. ಆದರೆ ನಮ್ಮ ಮೋಟಾರು ನಿಯಮ ಕಾರಿನ ಟೈರಿಗೆ ಕೇಳುವುದು 1.6 ಮಿಲಿಮೀಟರ್ ಗೆರೆಯನ್ನಷ್ಟೇ. ಒದ್ದೆ ರಸ್ತೆಗೆ ಅಷ್ಟು ಸಾಲದು, ಅಗಲ ಟೈರಿನ ಕಾರಿಗೆ ಮೂರಕ್ಕಿಳಿದಾಗಲೇ ಬದಲಿಸುವುದು ಲೇಸು. ವಯಸ್ಸನ್ನಂತೂ ತಡೆದು ನೋಡುವವರೇ ಇಲ್ಲ. ಒಂಬತ್ತು ವರ್ಷದ, ಗೆರೆ ತುಂಬಿದ ಟೈರು ಯಾವ ನಾಕಾದಲ್ಲೂ ಸಲೀಸಾಗಿ ದಾಟಿಹೋಗುತ್ತದೆ. ಆ ತಪಾಸಣೆ ಕಾರಿನ ಯಜಮಾನನದೇ.

ಕೆಲಸವೇನೂ ದೊಡ್ಡದಲ್ಲ. ನೆಲಮಾಳಿಗೆಗೆ ಇಳಿದು, ಹೊದಿಕೆ ಸರಿಸಿ, ಫೋನಿನ ಬೆಳಕಿನಲ್ಲಿ ನಾಲ್ಕು ಅಂಕಿ ಓದಬೇಕು. ಒಂದೊಂದು ಟೈರೂ ನೆಲ ಮುಟ್ಟುವುದು ಹೆಚ್ಚುಕಡಿಮೆ ಅಂಗೈಯಗಲ. ಕಾರು ಓಡಿಸುವವನಿಗೆ ಆ ಅಂಕಿ ನೋಡುವ ಅವಕಾಶವಾದರೂ ಇದೆ. ಪಕ್ಕದ ಸೀಟಿನಲ್ಲಿ ಬಂದು ಕೂರುವ ಮಗಳೋ ಗೆಳೆಯನೋ ಬಗ್ಗಿ ನೋಡುವುದಿಲ್ಲ. ಅವರು ಬಾಗಿಲು ತೆರೆದು, ನಂಬಿ, ಬೆಲ್ಟ್ ಹಾಕಿಕೊಳ್ಳುತ್ತಾರೆ.