ನೆಲದಡಿಯ ನಿಲ್ದಾಣ

ಒಂದು ಊರಿನ ರೈಲು ನಿಲ್ದಾಣವು ಬಹುಕಾಲದವರೆಗೆ ಆ ಊರಿನ ಹೆಬ್ಬಾಗಿಲಾಗಿತ್ತು. ಹೆಂಚಿನ ಮಾಡು, ಕಲ್ಲುಬೆಂಚು, ಗೋಡೆಗಡಿಯಾರ, ಹಳದಿ ಹಲಗೆಯ ಮೇಲೆ ಬರೆದ ಊರ ಹೆಸರು, ಆವರಣದ ಅಂಚಿನಲ್ಲೊಂದು ಆಲವೋ ಬೇವೋ ಇದ್ದರೆ ಸಾಕು, ದೂರದಿಂದಲೇ ಅದು ನಿಲ್ದಾಣವೆಂದು ಗುರುತು ಸಿಗುತ್ತಿತ್ತು. 1864ರಲ್ಲಿ ಜೋಲಾರಪೇಟೆಗೆ ಮೊದಲ ರೈಲು ಹೊರಟ ಬೆಂಗಳೂರಿನ ದಂಡು ನಿಲ್ದಾಣಕ್ಕೂ, ಆ ಬಳಿಕ ಬಂದ ಯಶವಂತಪುರ, ಯಲಹಂಕ ನಿಲ್ದಾಣಗಳಿಗೂ ಇಂಥದೊಂದು ಮುಖವಿತ್ತು. ನೆಲದಡಿಯ ನಿಲ್ದಾಣಕ್ಕೆ ಮುಖವಿಲ್ಲ. ಬಾಯಿ ಮಾತ್ರ ಉಂಟು. ರಸ್ತೆಯ ಬದಿಯಲ್ಲಿ ಒಂದು ಮೇಲ್ಮುಚ್ಚು, ಅದರ ಕೆಳಗೆ ಇಳಿದುಹೋಗುವ ಮೆಟ್ಟಿಲುಗಳು. ಉಳಿದುದೆಲ್ಲ ಕಣ್ಣಿಗೆ ಮರೆ. ಆದ್ದರಿಂದ ಅದರ ಗುಣದೋಷಗಳನ್ನು ಕಟ್ಟಡದ ಚೆಲುವಿನಿಂದ ಅಳೆಯಲಾಗದು. ಆ ಬಾಯಿ ಎಲ್ಲಿ ತೆರೆದಿದೆ, ಯಾರಿಗಾಗಿ ತೆರೆದಿದೆ ಎಂಬುದರಿಂದಲೇ ಅಳೆಯಬೇಕು. ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಪ್ರಶ್ನೆ ಬರಿಯ ತರ್ಕಕ್ಕೆ ಸೇರಿದ್ದಾಗಿ ಉಳಿದಿಲ್ಲ.

ನೆಲವನ್ನು ಕೊರೆದು ಜನರನ್ನು ಸಾಗಿಸುವ ಯೋಚನೆ ಹಳೆಯದು. ಲಂಡನ್ನಿನ ಥೇಮ್ಸ್ ನದಿಯ ತಳದಲ್ಲಿ ಮಾರ್ಕ್ ಬ್ರೂನೆಲ್ ಎಂಬ ಎಂಜಿನಿಯರು ಕೊರೆಸಿದ ಸುರಂಗ 1843ರಲ್ಲಿ ಬಳಕೆಗೆ ತೆರೆಯಿತು. ಹಡಗಿನ ಮರವನ್ನು ಕೊರೆಯುತ್ತ, ಕೊರೆದ ದಾರಿಗೆ ತಾನೇ ಗಿಲಾವು ಮಾಡುತ್ತ ಮುಂದೆ ಸಾಗುವ ಹುಳುವನ್ನು ಕಂಡು ಆತನಿಗೆ ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ. 1863ರ ಜನವರಿಯಲ್ಲಿ ಅದೇ ನಗರದಲ್ಲಿ ಜಗತ್ತಿನ ಮೊದಲ ನೆಲದಡಿಯ ಪ್ರಯಾಣಿಕ ರೈಲು ಓಡಿತು. ಅದನ್ನು ಎಳೆದದ್ದು ಉಗಿಯ ಎಂಜಿನು. ಪ್ರಯಾಣಿಕರು ಹೊಗೆ ಕುಡಿದು ಕೆಮ್ಮುತ್ತಲೇ ಊರು ಸೇರುತ್ತಿದ್ದರು. 1890ರಲ್ಲಿ ವಿದ್ಯುತ್ತು ಬಂದ ಮೇಲೆ ಈ ಪ್ರಯಾಣ ಸಹ್ಯವಾಯಿತು. ಭಾರತದಲ್ಲಿ ಈ ಬಗೆಯ ರೈಲನ್ನು ಮೊದಲು ಕಂಡದ್ದು ಕಲ್ಕತ್ತಾ, 1984ರ ಅಕ್ಟೋಬರಿನಲ್ಲಿ. ಬೆಂಗಳೂರಿನ ಸರದಿ ಬಂದದ್ದು 2016ರ ಏಪ್ರಿಲಿನಲ್ಲಿ. ಕಬ್ಬನ್ ಪಾರ್ಕಿನಿಂದ ನಗರ ರೈಲು ನಿಲ್ದಾಣದವರೆಗಿನ ಆ ಐದು ನಿಲ್ದಾಣಗಳ ಮಾರ್ಗವೇ ದಕ್ಷಿಣ ಭಾರತದಲ್ಲಿ ನೆಲದಡಿ ಓಡಿದ ಮೊದಲ ಮೆಟ್ರೊ. ಮರುವರ್ಷದ ಜೂನಿನಲ್ಲಿ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆಗಳ ಅಡಿಯಲ್ಲಿಯೂ ರೈಲು ಹರಿಯಿತು. ಯಶವಂತಪುರದಲ್ಲಿ ಹತ್ತಿದವರು ಸಂಪಿಗೆ ರಸ್ತೆಯವರೆಗೆ ಮನೆಗಳ ತಾರಸಿಗಳನ್ನು ನೋಡುತ್ತ ಬಂದು, ಅಲ್ಲಿಂದ ಮುಂದೆ ತಟಕ್ಕನೆ ಕತ್ತಲಿಗಿಳಿಯುತ್ತಾರೆ. ಒಂದೇ ಪ್ರಯಾಣದಲ್ಲಿ ಆಕಾಶವೂ ಪಾತಾಳವೂ ಆಗುತ್ತದೆ.

ನಗರದ ಉತ್ತರಕ್ಕೆ ನಿಜವಾದ ಅರ್ಥದಲ್ಲಿ ಪಾತಾಳಮಾರ್ಗವೆನಿಸಿದ್ದು ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಬರುವ ಗುಲಾಬಿ ಮಾರ್ಗ. ಇಪ್ಪತ್ತೊಂದು ಕಿಲೊಮೀಟರಿಗೂ ಸ್ವಲ್ಪ ಹೆಚ್ಚಾದ ಈ ಹಾದಿಯಲ್ಲಿ ಹದಿನೆಂಟು ನಿಲ್ದಾಣಗಳು. ಅವುಗಳಲ್ಲಿ ಡೈರಿ ವೃತ್ತದಿಂದ ನಾಗವಾರದವರೆಗಿನ ಹನ್ನೆರಡು ನೆಲದಡಿಯವು. ಶಿವಾಜಿನಗರ, ದಂಡು ಪ್ರದೇಶ, ಪಾಟರಿ ಟೌನ್, ಟ್ಯಾನರಿ ರಸ್ತೆ, ವೆಂಕಟೇಶಪುರ, ಕಾಡುಗೊಂಡನಹಳ್ಳಿ, ನಾಗವಾರ ಎಂದು ಸಾಲಾಗಿ ಹೇಳಿದರೆ ಸಾಕು, ಬೆಂಗಳೂರನ್ನು ಬಲ್ಲವರಿಗೆ ಆ ಬೀದಿಗಳ ಚಿತ್ರ ಕಣ್ಣಮುಂದೆ ಬರುತ್ತದೆ. ಒಬ್ಬರ ಗೋಡೆಗೆ ಇನ್ನೊಬ್ಬರ ತೊಲೆ ಆತುಕೊಂಡ ಮನೆಗಳು, ಅಂಗಡಿಯ ಮುಂದೊಂದು ಅಂಗಡಿ, ನಡುವೆ ಬಸ್ಸು, ಕೈಗಾಡಿ, ಆಟೊ, ಶಾಲೆಗೆ ಹೊರಟ ಮಕ್ಕಳು. ಮಡಕೆ ತಿರುಗಿಸುವ ಕುಂಬಾರರಿಂದ ಹೆಸರು ಪಡೆದ ಬಡಾವಣೆಯೊಂದು, ತೊಗಲು ಹದಮಾಡುವ ಕಸುಬಿನಿಂದ ಹೆಸರು ಪಡೆದ ರಸ್ತೆಯೊಂದು. ಇಂಥ ಕಡೆ ಕಂಬಗಳನ್ನು ನಿಲ್ಲಿಸಿ ಮೇಲ್ಗಡೆ ರೈಲು ಓಡಿಸಬೇಕೆಂದರೆ ಬೀದಿಯ ಎರಡು ಬದಿಯನ್ನೂ ಸವರಬೇಕಾಗುತ್ತಿತ್ತು. ಸವರಿದ ಮೇಲೆ ರೈಲು ಉಳಿಯುತ್ತಿತ್ತು, ಅದನ್ನು ಹತ್ತಬೇಕಾದವರು ಉಳಿಯುತ್ತಿರಲಿಲ್ಲ. ನೆಲದಡಿಯ ಮಾರ್ಗಕ್ಕೆ ಮೇಲುಸೇತುವೆಯ ಮಾರ್ಗಕ್ಕಿಂತ ಹಣ ಹಲವು ಪಟ್ಟು ಹೆಚ್ಚು ಬೇಕು, ಕಾಲವೂ ಹೆಚ್ಚು ಬೇಕು. ಆದರೂ ಈ ಬೀದಿಗಳ ಮಟ್ಟಿಗೆ ಆ ಆಯ್ಕೆ ಸರಿಯಾದುದೇ ಆಗಿತ್ತು. ಅಗಲವಾದ ರಸ್ತೆ, ವಿಸ್ತಾರವಾದ ತೋಟದ ಬಂಗಲೆಗಳುಳ್ಳ ಬಡಾವಣೆಗಳಲ್ಲಿ ನೋಟ ಕೆಡುವುದೆಂಬ ಕಾರಣಕ್ಕೆ ರೈಲನ್ನು ನೆಲದಡಿಗೆ ಇಳಿಸುವುದು ಬೇರೆ, ಬಡವರ ಸೂರು ಉಳಿಯಲೆಂದು ಇಳಿಸುವುದು ಬೇರೆ.

ಈ ಕೆಲಸದ ಕಷ್ಟ ಸಾಮಾನ್ಯವಾದುದಲ್ಲ. ಮೊದಲು ನಿಲ್ದಾಣದ ಜಾಗದಲ್ಲಿ ಸುತ್ತ ಕಾಂಕ್ರೀಟಿನ ಗೋಡೆಯನ್ನು ಆಳಕ್ಕಿಳಿಸಿ, ಒಳಗಿನ ಮಣ್ಣನ್ನು ತೋಡಿ, ಒಂದು ದೊಡ್ಡ ಪೆಟ್ಟಿಗೆಯಂಥ ಹಳ್ಳವನ್ನು ಮಾಡುತ್ತಾರೆ. ಟಿಕೆಟಿನ ಅಂತಸ್ತು ಮೇಲೆ, ರೈಲು ನಿಲ್ಲುವ ಅಂತಸ್ತು ಕೆಳಗೆ. ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣಕ್ಕೆ ಸುರಂಗ ಕೊರೆಯುವುದು ಯಂತ್ರ. ತಲೆಯಲ್ಲಿ ಹಲ್ಲುಗಳುಳ್ಳ ಆ ಉಕ್ಕಿನ ಉರುಳೆ ತಿರುಗುತ್ತ ಕಲ್ಲುಮಣ್ಣನ್ನು ಅರೆದು ಹಿಂದಕ್ಕೆ ತಳ್ಳುತ್ತದೆ. ಅದರ ಬೆನ್ನಿಗೇ ಮೊದಲೇ ಎರಕ ಹೊಯ್ದ ಕಾಂಕ್ರೀಟಿನ ತುಂಡುಗಳನ್ನು ಬಳೆಯಂತೆ ಜೋಡಿಸುತ್ತ ಹೋಗುತ್ತಾರೆ. ಬ್ರೂನೆಲ್ಲನ ಹುಳುವೇ ಇಷ್ಟು ಬೆಳೆದಿದೆ ಎನ್ನಬಹುದು. ಗುಲಾಬಿ ಮಾರ್ಗದಲ್ಲಿ ಇಂಥ ಒಂಬತ್ತು ಯಂತ್ರಗಳು ದುಡಿದವು. ಊರ್ಜಾ, ವಿಂಧ್ಯಾ, ವರದಾ, ತುಂಗಾ, ಭದ್ರಾ ಮೊದಲಾದ ಹೆಸರುಗಳನ್ನು ಅವಕ್ಕೆ ಇಟ್ಟಿದ್ದರು. ಮಲೆನಾಡಿನಲ್ಲಿ ಬಯಲಿಗೆ ಹರಿಯುವ ನದಿಗಳ ಹೆಸರು ಹೊತ್ತವು ಇಲ್ಲಿ ಸೂರ್ಯನನ್ನೇ ಕಾಣದೆ ಹರಿದವು. 2021ರ ಸೆಪ್ಟೆಂಬರಿನಲ್ಲಿ ಊರ್ಜಾ ಶಿವಾಜಿನಗರದಲ್ಲಿ ಮೊದಲು ಹೊರಬಂತು. 2024ರ ಅಕ್ಟೋಬರಿನ ಕೊನೆಯಲ್ಲಿ ಭದ್ರಾ ನಾಗವಾರವನ್ನು ಮುಟ್ಟಿದಾಗ ಈ ಮಾರ್ಗದ ಸುರಂಗಗಳೆಲ್ಲ ಮುಗಿದವು. ಹಾಗೆಂದು ರೈಲು ಮರುದಿನವೇ ಓಡಲಿಲ್ಲ. ಹಳಿ, ವಿದ್ಯುತ್ತು, ಗಾಳಿ, ಸಂಕೇತಗಳ ಕೆಲಸವಿತ್ತು. 2025ನೆಯ ವರ್ಷ ಮುಗಿಯುವವರೆಗೂ ನಾಗವಾರದ ಜನ ಕಾಯುತ್ತಲೇ ಇದ್ದರು.

ಬೆಂಗಳೂರಿನ ನೆಲ ಒಂದೇ ಹದದ್ದಲ್ಲ. ಲಾಲ್‌ಬಾಗಿನ ಬಂಡೆಯಲ್ಲಿ ಕಾಣುವ ಅತಿ ಪ್ರಾಚೀನವಾದ ಶಿಲೆ ಒಂದು ಕಡೆ ಗಟ್ಟಿಯಾಗಿ ಎದ್ದಿದ್ದರೆ, ನಾಲ್ಕು ಮಾರು ಆಚೆ ಅದು ಕೊಳೆತು ಮರಳಾಗಿರುತ್ತದೆ. ಯಂತ್ರದ ಒಂದು ಹಲ್ಲು ಬಂಡೆಯನ್ನು ಕಡಿಯುತ್ತಿರುವಾಗಲೇ ಇನ್ನೊಂದು ಹಲ್ಲು ಕೆಸರಿನಲ್ಲಿ ತಿರುಗುತ್ತಿರುತ್ತದೆ. 2023ರ ಜನವರಿಯಲ್ಲಿ ಇದೇ ಮಾರ್ಗದ ಮೇಲಿರುವ ಬ್ರಿಗೇಡ್ ರಸ್ತೆಯಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿದು ಗುಂಡಿ ಬಿದ್ದುದನ್ನು ನಗರ ಮರೆತಿಲ್ಲ. ಅಡಿಯಲ್ಲಿ ನಡೆಯುವುದಕ್ಕೂ ಮೇಲೆ ನಡೆಯುವುದಕ್ಕೂ ಸಂಬಂಧವಿಲ್ಲವೆಂಬ ಭಾವನೆಯನ್ನು ಆ ಗುಂಡಿ ನುಂಗಿಹಾಕಿತು.

ನೆಲವನ್ನು ತೆರೆದಾಗ ಅಪಾಯವಷ್ಟೇ ಅಲ್ಲ, ಚರಿತ್ರೆಯೂ ಎದ್ದುಬರುತ್ತದೆ. 2012ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಮೆಟ್ರೊ ನಿಲ್ದಾಣಕ್ಕಾಗಿ ಅಗೆಯುವಾಗ ಹಳೆಯ ಕೋಟೆಯ ಕಾಲದ ಕಬ್ಬಿಣದ ಫಿರಂಗಿಗಳು ಸಿಕ್ಕಿದವು. ಇದಕ್ಕಿಂತಲೂ ಬೆಲೆಯುಳ್ಳ ಸಂಗತಿ ಹೆಬ್ಬಾಳದ್ದು. 2018ರಲ್ಲಿ ಅಲ್ಲಿ ಚರಂಡಿ ತೋಡುತ್ತಿದ್ದಾಗ ಗಂಗರ ಶ್ರೀಪುರುಷನ ಕಾಲದ, ಕಿತ್ತಯ್ಯನೆಂಬ ವೀರನ ಕಲ್ಲು ಹೊರಬಂತು. ಅದರ ಕಾಲ ಸುಮಾರು ಕ್ರಿ.ಶ. 750 ಎಂದು ವಿದ್ವಾಂಸರು ಗೊತ್ತುಮಾಡಿದ್ದಾರೆ. ಅಂದರೆ ಕೆಂಪೇಗೌಡರು ಪೇಟೆ ಕಟ್ಟುವುದಕ್ಕೆ ಸುಮಾರು ಎಂಟು ಶತಮಾನಗಳ ಹಿಂದೆಯೇ ಹೆಬ್ಬಾಳದಲ್ಲಿ ಊರಿತ್ತು, ಊರನ್ನು ಕಾಯುವವರಿದ್ದರು, ಅವರಿಗಾಗಿ ಕನ್ನಡದಲ್ಲಿ ಕಲ್ಲು ಬರೆಸುವವರಿದ್ದರು. ಚರಂಡಿಯ ಗುದ್ದಲಿಗೆ ಸಿಕ್ಕದ್ದರಿಂದ ಅದು ಉಳಿಯಿತು. ಉಕ್ಕಿನ ಹಲ್ಲಿನ ಯಂತ್ರಕ್ಕೆ ಸಿಕ್ಕಿದ್ದರೆ ಪುಡಿಯಾಗಿ ಮಣ್ಣಿನೊಡನೆ ಲಾರಿ ಏರುತ್ತಿತ್ತು. ಸುರಂಗವು ಸಾಮಾನ್ಯವಾಗಿ ಇಂಥ ಕಲ್ಲುಗಳ ಪದರಕ್ಕಿಂತ ಆಳದಲ್ಲಿ ಹೋಗುತ್ತದೆಂಬುದು ನಿಜ. ನಿಲ್ದಾಣದ ಹಳ್ಳ ಹಾಗಲ್ಲ, ಅದು ಮೇಲಿನಿಂದಲೇ ಆರಂಭವಾಗುತ್ತದೆ. ಉತ್ತರ ಬೆಂಗಳೂರಿನ ಹಳೆಯ ಊರುಗಳಲ್ಲಿ ಅಗೆಯುವಾಗ ಮೊದಲ ಕೆಲವು ಅಡಿಗಳನ್ನಾದರೂ ಶಾಸನ ಬಲ್ಲವರ ಕಣ್ಣೆದುರಿಗೆ ತೆಗೆಯುವುದು ತಕ್ಕುದು.

ನೀರಿನ ಮಾತೂ ಇದೆ. ನಾಗವಾರವು ಕೆರೆಯ ಊರು. ಹೆಬ್ಬಾಳ–ನಾಗವಾರ ಕಣಿವೆಯೆಂದೇ ಬೆಂಗಳೂರಿನ ಮೂರು ಮುಖ್ಯ ಕಣಿವೆಗಳಲ್ಲೊಂದಕ್ಕೆ ಹೆಸರು. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಯ ಒಡಲಿಗೆ ಹರಿಯುವಂತೆ ಹಿಂದಿನವರು ಕಟ್ಟಿದ ಸರಪಣಿಯ ಕೊಂಡಿಗಳನ್ನು ನಗರ ಒಂದೊಂದಾಗಿ ಮುಚ್ಚಿತು. ನೀರು ತನ್ನ ದಾರಿಯನ್ನು ಮರೆಯಲಿಲ್ಲ. ಜಡಿಮಳೆಯ ದಿನ ನಾಗವಾರದ ಹೊರವರ್ತುಲ ರಸ್ತೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆಲದಡಿಯ ನಿಲ್ದಾಣದ ಬಾಗಿಲನ್ನು ರಸ್ತೆಯ ಮಟ್ಟಕ್ಕಿಂತ ಕೆಲವು ಮೆಟ್ಟಿಲು ಎತ್ತರಿಸಿ ಕಟ್ಟುವ ರೂಢಿ ಇದಕ್ಕಾಗಿಯೇ ಇದೆ. ಕೆಳಗಿಳಿಯಬೇಕಾದವನು ಮೊದಲು ಮೇಲೇರಬೇಕು. ಆದರೆ ರಾಜಕಾಲುವೆಯಲ್ಲಿ ಹೂಳು ತುಂಬಿದ್ದರೆ ಎಷ್ಟು ಮೆಟ್ಟಿಲು ಏರಿಸಿದರೂ ಏನು ಫಲ? ನಿಲ್ದಾಣ ಒಣಗಿರಬಹುದು, ನಿಲ್ದಾಣಕ್ಕೆ ಬರುವ ದಾರಿ ತೇಲುತ್ತಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಾಗಿಲಿನದು. ದಂಡು ಪ್ರದೇಶದಲ್ಲಿ ನಡೆದುದು ಇದಕ್ಕೆ ಒಳ್ಳೆಯ ನಿದರ್ಶನ. ಮೊದಲ ಯೋಜನೆಯಲ್ಲಿ ಅಲ್ಲಿಯ ಮೆಟ್ರೊ ನಿಲ್ದಾಣ ದಂಡು ರೈಲು ನಿಲ್ದಾಣದ ಬಳಿಯಲ್ಲೇ ಇತ್ತು. ಬಳಿಕ ಅದನ್ನು ಬಂಬೂ ಬಜಾರಿನ ಕಡೆಯ ಮೈದಾನಕ್ಕೆ ಸರಿಸಲಾಯಿತು. ಖರ್ಚು ಉಳಿಯುತ್ತದೆ, ಕೆಲಸ ಸುಲಭವಾಗುತ್ತದೆ ಎಂಬುದು ಸರಿಸಿದವರ ವಾದ. 2017ರಲ್ಲಿ ನಾಗರಿಕರು ಇದನ್ನು ಪ್ರತಿಭಟಿಸಿದರು. ರೈಲಿಗೆ ರೈಲು ಕೂಡದಿದ್ದರೆ ಎರಡರಿಂದಲೂ ಅರ್ಧ ಪ್ರಯೋಜನ ಮಾತ್ರ ಎಂಬುದು ಅವರ ಮಾತು. ಖರ್ಚಿನ ವಾದವನ್ನು ತಳ್ಳಿಹಾಕುವಂತಿಲ್ಲ. ಸಾರ್ವಜನಿಕರ ಹಣವನ್ನು ಉಳಿಸುವುದು ಅಧಿಕಾರಿಗಳ ಧರ್ಮವೇ. ಆದರೆ ಉಳಿದ ಹಣದ ಲೆಕ್ಕವನ್ನು ಒಂದು ಸಲ ಬರೆದರೆ ಮುಗಿಯಿತು, ನಡೆಯಬೇಕಾದ ಹೆಜ್ಜೆಯ ಲೆಕ್ಕ ಹಾಗೆ ಮುಗಿಯುವುದಿಲ್ಲ. ಮಾಲೂರು, ಬಂಗಾರಪೇಟೆಗಳ ಕಡೆಯಿಂದ ಬೆಳಗಿನ ರೈಲಿನಲ್ಲಿ ಬಂದು ದಂಡು ನಿಲ್ದಾಣದಲ್ಲಿ ಇಳಿಯುವ ಗುಮಾಸ್ತ, ದಾದಿ, ಕೂಲಿಯವರು ಆ ದೂರವನ್ನು ದಿನಕ್ಕೆರಡು ಬಾರಿ, ಮಳೆಯಲ್ಲಿಯೂ ಬಿಸಿಲಿನಲ್ಲಿಯೂ, ನೂರು ವರ್ಷ ನಡೆಯುತ್ತಾರೆ. ಮಗುವನ್ನು ಎತ್ತಿಕೊಂಡ ತಾಯಿಗೆ, ಕೋಲೂರಿದ ಮುದುಕನಿಗೆ ಅದು ಇನ್ನೂ ದೂರವಾಗುತ್ತದೆ. ಅಷ್ಟು ಆಳಕ್ಕೆ ಇಳಿಯಲು ಕೋಟಿಗಟ್ಟಲೆ ಸುರಿದವರು, ಒಂದಿಷ್ಟು ಪಕ್ಕಕ್ಕೆ ಹೋಗಲು ಲೋಭ ಮಾಡಿದ್ದು ಸರಿಯೆಂದು ತೋರದು.

ಇದೇ ಮಾತು ದರಕ್ಕೂ ಸಲ್ಲುತ್ತದೆ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿದಾಗ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಓಡಿಸುವ ಖರ್ಚು, ಸಾಲದ ಕಂತು ಇವೆಲ್ಲ ಇರುವುದು ಸುಳ್ಳಲ್ಲ. ಆದರೆ ಟ್ಯಾನರಿ ರಸ್ತೆಯ ಮನೆಗಳನ್ನು ಉಳಿಸಲೆಂದು ನೆಲದಡಿಗೆ ಹೋದ ರೈಲಿನಲ್ಲಿ ಟ್ಯಾನರಿ ರಸ್ತೆಯವರೇ ಕೂರಲಾಗದಿದ್ದರೆ ಆ ಉಪಕಾರ ಎಂಥದು? ಹೊಲಿಗೆಯವನು, ಗ್ಯಾರೇಜಿನ ಹುಡುಗ, ಮನೆಗೆಲಸದಾಕೆ ಬಸ್ಸಿನ ಕಂಬಿಗೇ ಜೋತುಬಿದ್ದಿರಲು, ಅವರ ಕಾಲಡಿಯಲ್ಲಿ ತಂಪುಗಾಳಿಯ ರೈಲು ಅರ್ಧ ಖಾಲಿಯಾಗಿ ಓಡುವಂತಾದರೆ, ಅದು ಎಂಜಿನಿಯರರ ಸೋಲಲ್ಲ, ಲೆಕ್ಕ ಹಾಕಿದವರ ಸೋಲು.

ನಿಲ್ದಾಣದೊಳಗಿನ ವ್ಯವಸ್ಥೆಯ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಲಿಫ್ಟು, ಚಲಿಸುವ ಮೆಟ್ಟಿಲು, ಅಂಧರ ಕೋಲಿಗೆ ತಾಗುವ ಉಬ್ಬುಗೆರೆಯ ಹಾಸು ಇವು ಮೆಟ್ರೊದಲ್ಲಿ ವಾಡಿಕೆಯಾಗಿವೆ. ಎಚ್ಚರ ಮಾತ್ರ ವಾಡಿಕೆಯಿಂದ ಬರುವಂಥದಲ್ಲ. 1987ರ ನವೆಂಬರಿನಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಮರದ ಚಲಿಸುವ ಮೆಟ್ಟಿಲಿನ ಸಂದಿಗೆ ಬಿದ್ದ ಒಂದು ಉರಿಯುವ ಕಡ್ಡಿ ಮೂವತ್ತೊಂದು ಜನರನ್ನು ಬಲಿತೆಗೆದುಕೊಂಡಿತು. ನೂರಾರು ಕೋಟಿಯ ಯಂತ್ರಗಳಿದ್ದರೂ, ಸಂದಿಯ ಕಸವನ್ನು ಗುಡಿಸುವ ಕೆಲಸಗಾರನ ಶ್ರದ್ಧೆಯ ಮೇಲೆಯೇ ಆಳದಲ್ಲಿರುವವರ ಪ್ರಾಣ ನಿಂತಿರುತ್ತದೆ. ಆತನ ಸಂಬಳದಲ್ಲಿ ಮಿಗಿಸುವುದು ಮಿತವ್ಯಯವಲ್ಲ.

ನಾಗವಾರದಲ್ಲಿ ಗುಲಾಬಿ ಮಾರ್ಗವು ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗವನ್ನು ಕೂಡಬೇಕು. ಒಂದು ನೆಲದಡಿಯಲ್ಲಿ, ಇನ್ನೊಂದು ರಸ್ತೆಯ ಮೇಲೆ ಎತ್ತರದಲ್ಲಿ. ಇವೆರಡರ ನಡುವಿನ ದಾರಿ ನೆರಳುಳ್ಳದ್ದಾಗಿ, ರಸ್ತೆ ದಾಟುವ ಭಯವಿಲ್ಲದ್ದಾಗಿ ಇರಬೇಕೆಂಬುದು ದೊಡ್ಡ ಬೇಡಿಕೆಯೇನಲ್ಲ. ಇನ್ನು ಹೆಬ್ಬಾಳದಿಂದ ಸರ್ಜಾಪುರಕ್ಕೆ ಹೋಗುವ ಮಾರ್ಗ. 2024ರ ಡಿಸೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ನೀಡಿದ ಆ ಯೋಜನೆಯಲ್ಲಿಯೂ ಹಲವು ನಿಲ್ದಾಣಗಳು ನೆಲದಡಿಯವೇ. ಗಂಗಾನಗರ, ಮೇಖ್ರಿ ವೃತ್ತಗಳ ಅಡಿಯಲ್ಲಿ ಅದು ಹಾದುಹೋಗಬೇಕು. ಒಪ್ಪಿಗೆ ದೊರೆತ ಹೊತ್ತಿಗೆ ಅಲ್ಲಿಯ ಬಾಗಿಲುಗಳು ಕಾಗದದ ಮೇಲಿನ ಗೆರೆಗಳಷ್ಟೇ ಆಗಿದ್ದವು. ಗೆರೆಯನ್ನು ಅಳಿಸುವುದಕ್ಕೆ ರಬ್ಬರು ಸಾಕು. ಕಾಂಕ್ರೀಟನ್ನು ಅಳಿಸುವುದಕ್ಕೆ ಯಾವ ಸಾಧನವೂ ಇಲ್ಲ. ಆರ್.ಟಿ. ನಗರದ ಶಾಲೆಯ ಮಗು, ಹೆಬ್ಬಾಳದ ಪಶುವೈದ್ಯ ಕಾಲೇಜಿನ ವಿದ್ಯಾರ್ಥಿ, ಬಳ್ಳಾರಿ ರಸ್ತೆಯನ್ನು ದಾಟಲಾಗದೆ ನಿಂತ ಅಜ್ಜಿ ಯಾವ ಕಡೆಯಿಂದ ಬರುತ್ತಾರೆ ಎಂಬುದನ್ನು ಮೊದಲ ಗುದ್ದಲಿ ಬೀಳುವ ಮೊದಲೇ, ಆಯಾ ಬಡಾವಣೆಯವರನ್ನು ಕೂರಿಸಿಕೊಂಡು, ನಕ್ಷೆಯನ್ನು ಅವರ ಮುಂದೆ ಹರಡಿ ಕೇಳಬೇಕು. ಅಂಥ ಸಭೆಗೆ ಬೇಕಾದುದು ಒಂದು ಶಾಲೆಯ ಕೊಠಡಿ, ಒಂದು ದೊಡ್ಡ ಮೇಜು, ಕನ್ನಡದಲ್ಲಿ ಬರೆದ ಒಂದು ನಕ್ಷೆ.