ಚಳಿಗಾಲದ ಊಟ: ಉಳಿಸತಕ್ಕದ್ದು, ಬಿಡತಕ್ಕದ್ದು

ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸನ್ನು ದಾಟುವ ವಿಜಯಪುರದ ಉಷ್ಣಮಾನವು ಮಾರ್ಗಶಿರ ಮಾಸದ ಕೆಲವು ಬೆಳಗಿನ ಜಾವಗಳಲ್ಲಿ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಗೋಳಗುಮ್ಮಟದ ನೆರಳಿನ ಓಣಿಗಳಿಂದ ತಿಕೋಟ, ಬಬಲೇಶ್ವರಗಳ ಹಳ್ಳಿಗಳವರೆಗೆ ಆಗ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಪುಂಡಿಪಲ್ಯಗಳು ತಟ್ಟೆಗೆ ಬರುತ್ತವೆ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಊಟವೂ ಇಂಥದೇ. ಕಾರಣವನ್ನು ಕೇಳಿದರೆ ಅಜ್ಜಿಯು, “ಸಜ್ಜಿ, ಎಳ್ಳು ಉಷ್ಣ ಅದಾವಪ್ಪ, ಥಂಡ್ಯಾಗ ಮೈಗೆ ಚಲೋ” ಎನ್ನುತ್ತಾಳೆ. ಈ ಉತ್ತರವನ್ನು ಪರೀಕ್ಷಿಸದೆ ಒಪ್ಪುವುದಾಗಲಿ, ನಕ್ಕು ತಳ್ಳಿಬಿಡುವುದಾಗಲಿ ವಿಜ್ಞಾನದ ವಿದ್ಯಾರ್ಥಿಗೆ ತಕ್ಕುದಲ್ಲವೆಂದು ನಾವು ಭಾವಿಸುತ್ತೇವೆ.

ಅಜ್ಜಿಯ ಮಾತಿಗೆ ದೀರ್ಘವಾದ ಪರಂಪರೆಯುಂಟು. ಹೇಮಂತದಲ್ಲಿ ಹೊರಗಿನ ಚಳಿಯು ತಡೆದು ನಿಲ್ಲಿಸಿದ ಜಠರಾಗ್ನಿಯು ಪ್ರಬಲವಾಗುವುದೆಂದೂ, ಆಗ ಜಿಡ್ಡುಳ್ಳ ಪುಷ್ಟಿಕರವಾದ ಆಹಾರವು ಬೇಕೆಂದೂ ಚರಕಸಂಹಿತೆಯು ಹೇಳುತ್ತದೆ. ಚೀನದ ಪ್ರಾಚೀನ ವೈದ್ಯವೂ ಚಳಿಗಾಲವನ್ನು ಶಕ್ತಿಯನ್ನು ಕೂಡಿಡುವ ಕಾಲವೆಂದು ಎಣಿಸಿ, ಶುಂಠಿ, ಕುರಿಮಾಂಸಗಳಂಥ ‘ಬಿಸಿ’ ಆಹಾರಗಳನ್ನು ವಿಧಿಸಿತು. ಚಳಿಯಲ್ಲಿ ಹಸಿವು ಹೆಚ್ಚುವುದನ್ನು ಎರಡು ದೇಶದವರೂ ಕಂಡಿದ್ದರು. ಕಂಡುದಕ್ಕೆ ತಮಗೆ ತೋಚಿದ ಕಾರಣವನ್ನು ಕೊಟ್ಟರು.

ಇಂದಿನ ಶರೀರಶಾಸ್ತ್ರವು ಕೊಡುವ ಕಾರಣವೇ ಬೇರೆ. ಯಾವ ಆಹಾರವಾದರೂ ಜೀರ್ಣವಾಗುವಾಗ ಅಲ್ಪ ಶಾಖವು ಹುಟ್ಟುತ್ತದೆ. ಅದು ಎಳ್ಳಿನ ವಿಶೇಷವಲ್ಲ. ಮೈಯ ಉಷ್ಣಮಾನವನ್ನು 37 ಡಿಗ್ರಿಯ ಬಳಿ ಕಾಯುವುದು ಮೆದುಳಿನ ಕೆಲಸ. ಚಳಿಯಲ್ಲಿ ಇದಕ್ಕಾಗಿ ದೇಹವು ಹೆಚ್ಚು ಇಂಧನವನ್ನು ಸುಡಬೇಕಾಗಬಹುದು. ಒಂದು ಗ್ರಾಂ ಪಿಷ್ಟವು 4 ಕಿಲೊಕ್ಯಾಲೊರಿಗಳನ್ನು ಕೊಟ್ಟರೆ ಒಂದು ಗ್ರಾಂ ಕೊಬ್ಬು 9ನ್ನು ಕೊಡುತ್ತದೆ. ಎಳ್ಳಿನಲ್ಲಿ ನೂರಕ್ಕೆ 40 ಪಾಲಿಗೂ ಮಿಕ್ಕು ಎಣ್ಣೆಯಿದೆ. ಇನ್ನೊಂದು ಸರಳವಾದ ಸಂಗತಿಯೂ ಉಂಟು: ಮುಂಗಾರಿನ ಸಜ್ಜೆ, ಎಳ್ಳು, ಶೇಂಗಾಗಳು ಚಳಿಯ ಹೊತ್ತಿಗೆ ಹೊಸದಾಗಿ ಮನೆ ಸೇರಿರುತ್ತವೆ, ಹಿಂಗಾರಿಯ ಜೋಳವಾದರೋ ಇನ್ನೂ ಹೊಲದಲ್ಲಿರುತ್ತದೆ.

ಕಾರಣವು ಬದಲಾದರೂ ಊಟದ ಬೆಲೆಯು ಕುಂದಲಿಲ್ಲ. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಕಬ್ಬಿಣವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಮೂ ಇರುವುದಿಲ್ಲ. ಸಜ್ಜೆಯ ಕಬ್ಬಿಣವೆಲ್ಲವೂ ರಕ್ತಕ್ಕೆ ಸೇರದೆಂಬುದು ನಿಜ. ಧಾನ್ಯದಲ್ಲಿರುವ ಫೈಟೇಟ್ ಎಂಬ ಪದಾರ್ಥವು ಅದನ್ನು ಹಿಡಿದಿಡುತ್ತದೆ. ಊಟದೊಡನೆ ಇಂಡಿಯ ನಿಂಬೆಯನ್ನು ಹಿಂಡಿಕೊಂಡರೆ ಅದರ ಸಿ ಜೀವಸತ್ವವು ಈ ತಡೆಯನ್ನು ಸಡಿಲಿಸುತ್ತದೆ. ಇದು ಅಲ್ಪ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಭಾರತದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳ ಪೈಕಿ ನೂರಕ್ಕೆ 59 ಮಂದಿಯಲ್ಲಿ ರಕ್ತಹೀನತೆಯು ಕಂಡುಬಂದಿತು. ಹಾಗಿರುವಾಗ ಸಜ್ಜೆಯ ರೊಟ್ಟಿಯನ್ನು ಹಳ್ಳಿಗರ ಊಟವೆಂದು ಕಡೆಗಣಿಸಿ ಬಿಳಿ ಬ್ರೆಡ್ಡಿಗೆ ಕೈಚಾಚುವುದನ್ನು ನಾಗರಿಕತೆಯೆಂದು ಕರೆಯಲು ನಾವು ಸಿದ್ಧರಿಲ್ಲ.

ಆದರೆ ಎರಡು ವಿಷಯಗಳಲ್ಲಿ ನಾವು ಅಜ್ಜಿಯೊಡನೆ ವಿನಯದಿಂದ ವಾದಿಸಬೇಕಾಗಿದೆ. ಹೇಮಂತದಲ್ಲಿ ಹೆಚ್ಚು ಉಣ್ಣಬೇಕೆಂಬ ಮಾತು ನಸುಕಿನಲ್ಲೆದ್ದು ಹೊಲದಲ್ಲಿ ದುಡಿಯುವವನಿಗೆ ಒಪ್ಪುತ್ತದೆ. ಸ್ವೆಟರು ತೊಟ್ಟು ದಿನವಿಡೀ ಕುಳಿತು ಓದುವವನಿಗೆ ಒಪ್ಪುವುದಿಲ್ಲ. ಎರಡನೆಯದಾಗಿ, ‘ಉಷ್ಣ’ವನ್ನು ನಂಬುವವರು ‘ಶೀತ’ಕ್ಕೆ ಅಂಜುತ್ತಾರೆ. ಮಗುವಿಗೆ ನೆಗಡಿಯಾದೀತೆಂದು ಬಾಳೆ, ಪೇರಲಗಳನ್ನೂ, ಬಾಣಂತಿಗೆ ಶೀತವಾದೀತೆಂದು ಸೊಪ್ಪು, ಹಣ್ಣುಗಳನ್ನೂ ತಪ್ಪಿಸುತ್ತಾರೆ. ನೆಗಡಿಗೆ ಕಾರಣ ವೈರಸ್ಸುಗಳೇ ಹೊರತು ಪೇರಲಹಣ್ಣಲ್ಲ. ಪೋಷಣೆಯು ಅತ್ಯಗತ್ಯವಾದವರಿಂದಲೇ ಅದನ್ನು ಕಸಿಯುವ ಈ ಅಂಜಿಕೆಯನ್ನು ನಾವು ಬಿಡಲೇಬೇಕು.

ವಿದ್ಯಾರ್ಥಿಗಳು ಇದನ್ನು ನಮ್ಮ ಮಾತೆಂದು ನಂಬಬೇಕಾಗಿಲ್ಲ. ಸಜ್ಜೆಯನ್ನುಂಡ ಕೆಲವು ದಿನ, ಜೋಳವನ್ನುಂಡ ಕೆಲವು ದಿನ, ಊಟಕ್ಕೆ ಮೊದಲೂ ಊಟವಾದ ಒಂದು ಗಂಟೆಯ ತರುವಾಯವೂ ಉಷ್ಣಮಾಪಕವನ್ನು ಕಂಕುಳಲ್ಲಿಟ್ಟು ನೋಡಿ ಬರೆದಿಡಲಿ. ಆ ಲೆಕ್ಕವನ್ನು ಅಜ್ಜಿಗೂ ಓದಿ ಹೇಳಲಿ. ಬಳಿಕ ಆಕೆಯ ಪಕ್ಕದಲ್ಲೇ ಕುಳಿತು, ಅದೇ ರೊಟ್ಟಿಯನ್ನು ನಿಂಬೆ, ಪೇರಲಗಳೊಡನೆ ಸಂತೋಷದಿಂದ ಉಣ್ಣಲಿ.